ಎದೆಯುರಿಗೆ ಬಾಟಲಿ ಮದ್ದು: ಎಷ್ಟು ಹಿತ, ಎಲ್ಲಿಯವರೆಗೆ?

ಮದುವೆ ಮನೆಯ ಊಟ, ರಾತ್ರಿ ಬಸ್ಸಿನ ಪ್ರಯಾಣ, ಹೊತ್ತು ಮೀರಿದ ಹಸಿವು - ಕಾರಣ ಯಾವುದೇ ಇರಲಿ, ಎದೆ ಉರಿದು ಹುಳಿತೇಗು ಬಂದರೆ ನಮ್ಮಲ್ಲಿ ಅದಕ್ಕೆ ಒಂದೇ ಹೆಸರು: ‘ಗ್ಯಾಸ್ಟ್ರಿಕ್’. ಮದ್ದೂ ಒಂದೇ. ವೈದ್ಯರ ಚೀಟಿಯಿಲ್ಲದೆ ಔಷಧದ ಅಂಗಡಿಯಲ್ಲಿ ಸಿಗುವ, ಪುದೀನ ರುಚಿಯ ಮಂದ ದ್ರವದ ಬಾಟಲಿ. ಅದು ಏನು ಮಾಡುತ್ತದೆ, ಏನು ಮಾಡಲಾರದು ಎಂಬುದನ್ನು ಅರಿತು ಕುಡಿಯುವವರು ಮಾತ್ರ ಕಡಿಮೆ.

ಹುಳಿಯನ್ನು ಕ್ಷಾರದಿಂದ ತಣಿಸುವ ಉಪಾಯ ಹಳೆಯದು. ಇಂಥ ಬಾಧೆಯನ್ನು ಅಮ್ಲಪಿತ್ತವೆಂದು ಕರೆದ ಆಯುರ್ವೇದ ಅದಕ್ಕೆ ಶಂಖಭಸ್ಮ ಕೊಡುತ್ತ ಬಂದಿದೆ. ಜಠರದಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲವೆಂದು 1824ರಲ್ಲಿ ಪ್ರಕಟಿಸಿದವರು ಇಂಗ್ಲೆಂಡಿನ ವೈದ್ಯ ವಿಲಿಯಂ ಪ್ರೌಟ್. 1829ರಲ್ಲಿ ಐರ್ಲೆಂಡಿನ ವೈದ್ಯ ಜೇಮ್ಸ್ ಮರ್ರೆ ಮೆಗ್ನೀಷಿಯಾವನ್ನು ದ್ರವರೂಪಕ್ಕೆ ತಂದು ಹೊಟ್ಟೆನೋವಿಗೆ ಕೊಟ್ಟರು. 1873ರಲ್ಲಿ ಅಮೆರಿಕದ ಚಾರ್ಲ್ಸ್ ಹೆನ್ರಿ ಫಿಲಿಪ್ಸ್ ‘ಮಿಲ್ಕ್ ಆಫ್ ಮೆಗ್ನೀಷಿಯಾ’ಕ್ಕೆ ಪೇಟೆಂಟ್ ಪಡೆದರು.

ಜಠರದ ಒಳಗೋಡೆಗೆ ಆಮ್ಲವನ್ನು ತಡೆಯುವ ಲೋಳೆಯ ಲೇಪವಿದೆ. ಅನ್ನನಾಳಕ್ಕೆ ಅಂಥ ರಕ್ಷಣೆಯಿಲ್ಲ. ಇವೆರಡರ ನಡುವಿನ ಸ್ನಾಯುವಿನ ಬಳೆ ಸಡಿಲವಾಗಿ ಆಮ್ಲ ಮೇಲೇರಿದರೆ ಅದೇ ಎದೆಯುರಿ. ಬಾಟಲಿಯ ದ್ರವ ಆಮ್ಲದೊಡನೆ ಬೆರೆತು ಅದರ ತೀಕ್ಷ್ಣತೆಯನ್ನು ಕುಗ್ಗಿಸುತ್ತದೆ. ಮೆಗ್ನೀಷಿಯಂ ಭೇದಿ ಮಾಡಿಸುತ್ತದೆ, ಅಲ್ಯೂಮಿನಿಯಂ ಮಲಬದ್ಧತೆ ತರುತ್ತದೆ. ಆದ್ದರಿಂದಲೇ ಇಂದಿನ ಬಾಟಲಿಗಳಲ್ಲಿ ಸಾಮಾನ್ಯವಾಗಿ ಎರಡೂ ಜತೆಗಿರುತ್ತವೆ. ಹೊಟ್ಟೆಯುಬ್ಬರಕ್ಕೆಂದು ಸೇರಿಸುವ ಸಿಮೆಥಿಕೋನ್ ಗಾಳಿಗುಳ್ಳೆಗಳನ್ನು ಒಡೆಯುತ್ತದೆಯೇ ಹೊರತು ಆಮ್ಲವನ್ನು ಮುಟ್ಟುವುದಿಲ್ಲ.

ಕುಡಿಯುವ ಕ್ರಮ

ಖಾಲಿ ಹೊಟ್ಟೆಯಲ್ಲಿ ಕುಡಿದ ದ್ರವ ಒಂದು ಗಂಟೆಯೊಳಗೆ ಜಾರಿಹೋಗುತ್ತದೆ. ಊಟವಾದ ಒಂದು ಗಂಟೆಯ ಬಳಿಕ ಕುಡಿದರೆ ಅದರ ಗುಣ ಎರಡು ಮೂರು ಗಂಟೆ ನಿಲ್ಲುತ್ತದೆ. ಔಷಧ ತಳದಲ್ಲಿ ಕೂರುವುದರಿಂದ ಬಾಟಲಿಯನ್ನು ಚೆನ್ನಾಗಿ ಅಲುಗಾಡಿಸಬೇಕು. ಬಾಟಲಿಯನ್ನೇ ಬಾಯಿಗಿಡದೆ, ಚೀಟಿಯಲ್ಲಿ ಹೇಳಿದಷ್ಟನ್ನೇ ಅಳತೆಯ ಮುಚ್ಚಳದಲ್ಲಿ ತೆಗೆದುಕೊಳ್ಳಬೇಕು.

ಈ ದ್ರವ ಬೇರೆ ಔಷಧಗಳನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಟೆಟ್ರಾಸೈಕ್ಲಿನ್, ಸಿಪ್ರೊಫ್ಲಾಕ್ಸಸಿನ್, ಕಬ್ಬಿಣದ ಮಾತ್ರೆಗಳನ್ನು ಕನಿಷ್ಠ ಎರಡು ಗಂಟೆ ಮೊದಲೇ ನುಂಗಬೇಕು. ಥೈರಾಯ್ಡ್ ಮಾತ್ರೆಗೆ ನಾಲ್ಕು ಗಂಟೆಯ ಅಂತರ ಬೇಕು. ಮೂತ್ರಪಿಂಡದ ಕಾಯಿಲೆಯವರಲ್ಲಿ ಮೆಗ್ನೀಷಿಯಂ, ಅಲ್ಯೂಮಿನಿಯಂ ಎರಡೂ ದೇಹದಲ್ಲಿ ಶೇಖರವಾಗುವ ಅಪಾಯವಿದೆ. ಅವರು, ಗರ್ಭಿಣಿಯರು ಮತ್ತು ಮಕ್ಕಳು ವೈದ್ಯರನ್ನು ಕೇಳದೆ ಕುಡಿಯಬಾರದು. ಅಡುಗೆ ಸೋಡಾದಲ್ಲಿ ಸೋಡಿಯಂ ಹೆಚ್ಚು. ರಕ್ತದೊತ್ತಡವಿರುವವರಿಗೆ ಅದು ಸಲ್ಲದು.

ಮುಚ್ಚಿಹೋಗುವ ಸತ್ಯ

ಉರಿ ಆರಿದ ಮಾತ್ರಕ್ಕೆ ರೋಗ ಹೋದಂತಲ್ಲ. ಜಠರದ ಹುಣ್ಣಿಗೆ ಖಾರ, ಚಿಂತೆಗಳೇ ಮೂಲವೆಂಬ ನಂಬಿಕೆ ಬಹುಕಾಲವಿತ್ತು. 1982ರಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ‘ಹೆಲಿಕೊಬ್ಯಾಕ್ಟರ್ ಪೈಲೋರಿ’ ಎಂಬ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡಿದರು. ಅದು ಹುಣ್ಣಿಗೆ ಮುಖ್ಯ ಕಾರಣವೆಂದು ಮುಂದೆ ಸಿದ್ಧವಾಯಿತು. 2005ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು. ನೋವಿನ ಮಾತ್ರೆಗಳ ಅತಿ ಸೇವನೆ ಮತ್ತೊಂದು ಕಾರಣ. ಈ ಎರಡಕ್ಕೂ ಬಾಟಲಿಯಲ್ಲಿ ಪರಿಹಾರವಿಲ್ಲ. ಆದ್ದರಿಂದ ಎರಡು ವಾರ ಕಳೆದರೂ ಅದು ಬೇಕೇ ಬೇಕೆನಿಸಿದರೆ ವೈದ್ಯರನ್ನು ಕಾಣುವುದು ಲೇಸು. ಮಲ ಕಪ್ಪಾಗುವುದು, ವಾಂತಿಯಲ್ಲಿ ರಕ್ತ, ನುಂಗಲು ಕಷ್ಟ, ಕಾರಣವಿಲ್ಲದೆ ತೂಕ ಇಳಿಯುವುದು - ಇವು ಕಂಡರೆ ಎರಡು ವಾರವೂ ಕಾಯಬಾರದು.

ಎಲ್ಲಕ್ಕಿಂತ ದೊಡ್ಡ ಅಪಾಯ ‘ಗ್ಯಾಸ್ಟ್ರಿಕ್’ ಎಂಬ ಮಾತಿನಲ್ಲೇ ಇದೆ. ಹೃದಯಾಘಾತವೂ ಕೆಲವೊಮ್ಮೆ ಎದೆಯುರಿಯ ವೇಷದಲ್ಲೇ ಬರುತ್ತದೆ. ಎದೆ ಬಿಗಿತ, ಬೆವರು, ಏದುಸಿರು, ತೋಳಿಗೋ ದವಡೆಗೋ ಹರಿಯುವ ನೋವು ಕಂಡರೆ ಮದ್ದು ಕುಡಿದು ಮಲಗುವುದಲ್ಲ, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಕುಡಿದ ಮೇಲೆ ತುಸು ಹಗುರವೆನಿಸಿದರೂ ಹೃದಯ ಕ್ಷೇಮವೆಂಬುದಕ್ಕೆ ಅದು ಸಾಕ್ಷಿಯಲ್ಲ.