ಸರ್ಕಾರದ ಸಾಲಕ್ಕೊಂದು ಉಣುಗೋಲು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಅಡಿಕೆ ಬೆಳೆಗಾರರಿಗೆ ಸಾಲದ ಮಿತಿ ಹೊಸ ಮಾತಲ್ಲ. ಸಹಕಾರ ಸಂಘದಲ್ಲಿ ಎಕರೆಗೆ ಇಷ್ಟೇ ಬೆಳೆಸಾಲ ಎಂಬ ಲೆಕ್ಕವಿರುತ್ತದೆ. ಹಳದಿ ಎಲೆ ರೋಗಕ್ಕೆ ತೋಟವೇ ಬರಿದಾದರೂ ಬೆಳೆಗಾರ ಆ ಮಿತಿಯನ್ನು ತಾನೇ ಏರಿಸಿಕೊಳ್ಳಲಾರ. ಸರ್ಕಾರದ ಸಂಗತಿ ಬೇರೆ. ಅದರ ಸಾಲಕ್ಕೂ ಬೇಲಿಯುಂಟು. ಆದರೆ ಬೇಲಿ ಹಾಕುವುದೂ, ಬೇಕೆಂದಾಗ ಉಣುಗೋಲು ಸರಿಸುವುದೂ ಶಾಸನಸಭೆಯೇ. ಈ ಮೂರು ತಾಲ್ಲೂಕುಗಳನ್ನು ಒಳಗೊಂಡ ಶೃಂಗೇರಿ ಕ್ಷೇತ್ರದ ಶಾಸಕರಿಗೂ ಅಲ್ಲಿ ಒಂದು ಮತವಿದೆ.

ಇಂಥ ಬೇಲಿಯನ್ನು ಕಾನೂನಾಗಿ ಹಾಕಿಕೊಂಡ ಮೊದಲ ರಾಜ್ಯ ಕರ್ನಾಟಕ. 2002ರ ವಿತ್ತೀಯ ಹೊಣೆಗಾರಿಕೆ ಅಧಿನಿಯಮದ ಪ್ರಕಾರ ವಿತ್ತೀಯ ಕೊರತೆ ರಾಜ್ಯದ ಒಟ್ಟು ಉತ್ಪನ್ನದ ಶೇ 3ನ್ನು ಮೀರಬಾರದು. ಸರಳವಾಗಿ ಹೇಳುವುದಾದರೆ, ನಾಡಿನ ದುಡಿಮೆ ನೂರು ರೂಪಾಯಿಯಾದರೆ ಸರ್ಕಾರ ಆ ವರ್ಷ ಮಾಡಬಹುದಾದ ಹೊಸ ಸಾಲ ಹೆಚ್ಚುಕಡಿಮೆ ಮೂರು ರೂಪಾಯಿ. ಸಂಬಳ, ಸಹಾಯಧನ, ಬಡ್ಡಿಯಂಥ ದಿನಬಳಕೆಯ ಖರ್ಚಿಗೆ ಸಾಲ ಮಾಡಕೂಡದೆಂಬುದೂ ಅದರ ಆಶಯ.

ಕೊರೋನಾ ಬಂದು ತೆರಿಗೆ ಬತ್ತಿತು. 2020ರ ಸೆಪ್ಟೆಂಬರ್‌ನಲ್ಲಿ ಯಡಿಯೂರಪ್ಪ ಸರ್ಕಾರ ತಿದ್ದುಪಡಿ ತಂದು, ಆ ಸಾಲಿಗೆ ಶೇ 3ನ್ನು ಶೇ 5ಕ್ಕೆ ಏರಿಸಿತು. ರಾಜ್ಯ ಸಾಲದಲ್ಲಿ ಮುಳುಗುತ್ತದೆ, ಜಿಎಸ್‌ಟಿ ಪರಿಹಾರವನ್ನು ಕೇಂದ್ರವೇ ಕೊಡಬೇಕು ಎಂಬುದು ವಿರೋಧಿಗಳ ವಾದ. ಸಾಲವಿಲ್ಲದೆ ಸಂಸಾರ ನಡೆಯದು ಎಂಬುದು ಸರ್ಕಾರದ್ದು. ಎರಡರಲ್ಲೂ ಹುರುಳಿತ್ತು.

ಆದರೆ ಶಾಸನಸಭೆ ಒಪ್ಪಿದರಷ್ಟೇ ಸಾಲದು. ಕೇಂದ್ರಕ್ಕೆ ಹಳೆಯ ಬಾಕಿ ಇರುವ ರಾಜ್ಯ ಅದರ ಒಪ್ಪಿಗೆಯಿಲ್ಲದೆ ಹೊಸ ಸಾಲ ಎತ್ತುವಂತಿಲ್ಲ ಎನ್ನುತ್ತದೆ ಸಂವಿಧಾನದ 293ನೇ ವಿಧಿ. 2020ರಲ್ಲಿ ಕೇಂದ್ರ ಹೆಚ್ಚುವರಿ ಶೇ 2ಕ್ಕೆ ಒಪ್ಪಿತಾದರೂ, ಬಹುಪಾಲನ್ನು ಪಡಿತರ ಚೀಟಿ, ವಿದ್ಯುತ್ ಮುಂತಾದ ಸುಧಾರಣೆಗಳಿಗೆ ಗಂಟುಹಾಕಿತು. ಸಾಲ ಕೊಡುವವರು ಮಾರುಕಟ್ಟೆಯವರು, ತೀರಿಸುವವರು ನಾವು, ಷರತ್ತು ಮಾತ್ರ ದೆಹಲಿಯದು! ಕೇಂದ್ರದ ಸಾಲಕ್ಕೆ ಮಿತಿ ಹಾಕುವ ಅಧಿಕಾರವನ್ನು 292ನೇ ವಿಧಿ ಸಂಸತ್ತಿಗೆ ಕೊಟ್ಟಿದೆ. ಬೇರೆಯವರ ಒಪ್ಪಿಗೆ ಅದಕ್ಕೆ ಬೇಕಿಲ್ಲ. 2003ರ ಕಾಯ್ದೆ ಕೇಂದ್ರಕ್ಕೂ ಶೇ 3ರ ಗುರಿ ಇಟ್ಟಿತ್ತು. 2020-21ರಲ್ಲಿ ಅದರ ಕೊರತೆ ಶೇ 9ನ್ನು ದಾಟಿತು.

ಅಮೆರಿಕದಲ್ಲಿ 1917ರಿಂದ ಬಂದ ಪದ್ಧತಿ ಇನ್ನೊಂದು ಬಗೆಯದು. ಅಲ್ಲಿ ಮಿತಿ ಶೇಕಡಾವಾರಲ್ಲ, ಡಾಲರ್ ಮೊತ್ತ. ಖರ್ಚಿಗೆ ಒಪ್ಪಿದ ಕಾಂಗ್ರೆಸ್ಸೇ ಅದಕ್ಕೆ ಬೇಕಾದ ಸಾಲಕ್ಕೆ ಅಡ್ಡ ನಿಲ್ಲುವುದುಂಟು. 2011, 2023ರಲ್ಲಿ ದೇಶ ಬಾಕಿದಾರನಾಗುವ ಅಂಚಿಗೆ ಬಂದಿತ್ತು.

ನಮ್ಮಲ್ಲಿ ಜಗಳ ನ್ಯಾಯಾಲಯ ಸೇರಿದೆ. ರಾಜ್ಯದ ಸಂಸ್ಥೆಗಳು ಮಾಡಿದ ಸಾಲವನ್ನೂ ಕೇಂದ್ರ ರಾಜ್ಯದ ಮಿತಿಯಲ್ಲೇ ಎಣಿಸಬಹುದೇ ಎಂದು ಕೇರಳ 2023ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 2024ರ ಏಪ್ರಿಲ್ 1ರಂದು ಪ್ರಕರಣವನ್ನು ಸಂವಿಧಾನ ಪೀಠಕ್ಕೆ ಒಪ್ಪಿಸಲಾಯಿತು.

ಇಷ್ಟರಲ್ಲಿ ಬೆಂಗಳೂರಿನ ಚರ್ಚೆಯಲ್ಲಿ ಹೆಚ್ಚು ಕೇಳಬೇಕಾಗಿದ್ದ ಪ್ರಶ್ನೆ ಹಿಂದೆ ಸರಿಯಿತು: ಎತ್ತಿದ ಸಾಲ ಹೋದದ್ದೆಲ್ಲಿಗೆ? 2020-21ರಲ್ಲಿ ಕರ್ನಾಟಕಕ್ಕೆ ರಾಜಸ್ವ ಕೊರತೆ ಬಿತ್ತು. ಎಂದರೆ ಸಾಲದ ಒಂದು ಪಾಲು ಸೇತುವೆ, ರಸ್ತೆಗಳಿಗೆ ಹೋಗದೆ ದಿನದ ಖರ್ಚಿಗೇ ಕರಗಿತು.