ನಿಮಗಿದು ಗೊತ್ತೇ? ಆಕಾಶಕ್ಕೂ ಇದೆ ಕಟ್ಟಳೆ!

ಇಸ್ರೊ ರಾಕೆಟ್ ಮೇಲೇರುವಾಗ ನಾವೆಲ್ಲ ಟೀವಿ ಮುಂದೆ ಕೂತು ಚಪ್ಪಾಳೆ ತಟ್ಟುತ್ತೇವೆ. ಬೆಳಗಾವಿಯವರಾದರೆ ಇನ್ನೂ ಜೋರಾಗಿ ತಟ್ಟಿ! ಇಲ್ಲಿನ ಸರ್ವೋ ಕಂಟ್ರೋಲ್ಸ್ ಕಂಪನಿ ಇಸ್ರೊಗೆ ಬಿಡಿಭಾಗ ಮಾಡಿಕೊಟ್ಟಿದೆ. ಅಷ್ಟಕ್ಕೂ, ಏರಿದ ರಾಕೆಟ್ ಆಮೇಲೆ ಎಲ್ಲಿ ಹೋಗುತ್ತದೆ? ಅದನ್ನು ಮಾತ್ರ ಯಾರೂ ಕೇಳುವುದಿಲ್ಲ. ಚಂದ್ರಯಾನ-3ನ್ನು ಹೊತ್ತೊಯ್ದ ರಾಕೆಟ್‌ನ ಮೇಲಿನ ಹಂತ ಹಾರಿದ 124 ದಿನಕ್ಕೆ, 2023ರ ನವೆಂಬರ್ 15ರಂದು, ಮತ್ತೆ ಭೂಮಿಯ ವಾತಾವರಣಕ್ಕೇ ಬಂದು ಬಿತ್ತು!

ಅದೇ ಚಂದ್ರಯಾನ-3 ಹಾರಿದ್ದು 4 ಸೆಕೆಂಡ್ ತಡವಾಗಿ, ಗೊತ್ತೇ? ದಾರಿಯಲ್ಲಿ ಬೇರೆ ವಸ್ತುವಿಗೆ ಡಿಕ್ಕಿ ಹೊಡೆಯಬಾರದು ಎಂದು! 2023ರ ಜುಲೈ 30ರಂದು ಹಾರಿದ ಪಿಎಸ್‌ಎಲ್‌ವಿ-ಸಿ56 ರಾಕೆಟ್ ಒಂದಿಡೀ ನಿಮಿಷ ಕಾಯಿತು. ಕಾರಣ ಅದೇ.

ಚಂದ್ರನ ಸುತ್ತಲೂ ಟ್ರಾಫಿಕ್ ಇದೆ ಎಂದರೆ ನಂಬುತ್ತೀರಾ? 2021ರ ಅಕ್ಟೋಬರ್‌ನಲ್ಲಿ ನಮ್ಮ ಚಂದ್ರಯಾನ-2 ಮತ್ತು ನಾಸಾದ ನೌಕೆ ಚಂದ್ರನ ಉತ್ತರ ಧ್ರುವದ ಬಳಿ ಎದುರುಬದುರಾಗುವುದರಲ್ಲಿದ್ದವು. ಇಸ್ರೊ, ನಾಸಾ ಎರಡೂ ಕಡೆಯವರು ಕೂತು ಲೆಕ್ಕ ಹಾಕಿದರು. ಎರಡು ದಿನ ಮೊದಲೇ ನಮ್ಮವರು ದಾರಿ ಬಿಟ್ಟುಕೊಟ್ಟರು. ಅಲ್ಲಿ ಸಿಗ್ನಲ್ಲೂ ಇಲ್ಲ, ಪೊಲೀಸರೂ ಇಲ್ಲ!

ಈಗ ಖಾನಾಪುರಕ್ಕೆ ಬನ್ನಿ. ನಂದಗಡದ ಹತ್ತಿರ ನಿಮ್ಮದೊಂದು ಭತ್ತದ ಗದ್ದೆ ಇದೆ ಅನ್ನಿ. ರಾತ್ರೋರಾತ್ರಿ ಯಾವುದೋ ದೇಶದ ರಾಕೆಟ್ ಚೂರು ಬಂದು ಅಲ್ಲಿ ಬಿತ್ತು. ಗದ್ದೆ ನಿಮ್ಮದು, ಚೂರು ಯಾರದ್ದು? ಖಂಡಿತ ನಿಮ್ಮದಲ್ಲ! 1967ರ ಬಾಹ್ಯಾಕಾಶ ಒಪ್ಪಂದದ ಪ್ರಕಾರ ಅದು ಎಲ್ಲೇ ಬಿದ್ದರೂ ಒಡೆತನ ಬದಲಾಗುವುದಿಲ್ಲ. ಕೇಳಿದರೆ ವಾಪಸ್ ಕೊಡಬೇಕು. ಗುಜರಿಗೆ ಹಾಕುವ ಯೋಚನೆ ಬಿಡಿ!

ಹಾಗಾದರೆ ಹಾಳಾದ ಬೆಳೆಯ ಗತಿ? ಅದಕ್ಕೆ 1972ರ ಇನ್ನೊಂದು ಒಪ್ಪಂದವಿದೆ. ನೆಲದ ಮೇಲೆ ನಷ್ಟವಾದರೆ ಹಾರಿಸಿದ ದೇಶವೇ ಪರಿಹಾರ ಕೊಡಬೇಕು. ತಪ್ಪು ಯಾರದ್ದು ಎಂಬ ವಾದವೇ ಇಲ್ಲ. ಆದರೆ ಆ ಒಪ್ಪಂದದಡಿ ಕೇಳುವುದು ನೀವಲ್ಲ, ನಿಮ್ಮ ಪರವಾಗಿ ದಿಲ್ಲಿಯ ಕೇಂದ್ರ ಸರ್ಕಾರ!

ಇದರಲ್ಲೊಂದು ಮಜಾ ಇದೆ ನೋಡ್ರಿ. ಬಿದ್ದ ಚೂರು ಇಸ್ರೊದ್ದೇ ಆಗಿದ್ದರೆ? ಆಗ ಈ ಒಪ್ಪಂದ ನಿಮ್ಮ ಕೈಗೆ ಬರುವುದೇ ಇಲ್ಲ. ಹಾರಿಸಿದ ದೇಶದ ಪ್ರಜೆಗಳಿಗೆ ಅದು ಅನ್ವಯಿಸುವುದಿಲ್ಲ! ಪರದೇಶದ ಚೂರು ಬಿದ್ದರೇ ಕಾಗದದ ಮೇಲೆ ನಮಗೆ ಲಾಭ.

ಇದೆಲ್ಲ ಬರೀ ಕಲ್ಪನೆ ಅಂದುಕೊಂಡಿರಾ? 2022ರ ಏಪ್ರಿಲ್ 2ರ ರಾತ್ರಿ ಪಕ್ಕದ ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯಲ್ಲಿ ದೊಡ್ಡದೊಂದು ಲೋಹದ ಬಳೆಯೇ ಆಕಾಶದಿಂದ ಬಿತ್ತು! ಚೀನಾದ ರಾಕೆಟ್‌ನದ್ದಿರಬೇಕು ಎಂದರು ತಜ್ಞರು. 2023ರಲ್ಲಿ ನಮ್ಮ ಪಿಎಸ್‌ಎಲ್‌ವಿಯ ತುಂಡು ಆಸ್ಟ್ರೇಲಿಯಾದ ಕಡಲ ದಂಡೆಗೆ ತೇಲಿಹೋಯಿತು. ಲೆಕ್ಕ ಸರಿಯಾಯಿತು ಅನ್ನೋಣವೇ?

ಪರಿಹಾರ ನಿಜಕ್ಕೂ ಸಿಗುತ್ತದೆಯೇ? 1978ರ ಜನವರಿಯಲ್ಲಿ ಸೋವಿಯತ್ ಒಕ್ಕೂಟದ ಕಾಸ್ಮೊಸ್-954 ಉಪಗ್ರಹ ಕೆನಡಾದ ಮೇಲೆ ಚೂರುಚೂರಾಗಿ ಬಿತ್ತು. ಒಳಗಿದ್ದದ್ದು ಅಣು ರಿಯಾಕ್ಟರ್! ಬಿದ್ದದ್ದು ಬೇಟೆ, ಮೀನುಗಾರಿಕೆ ನಂಬಿ ಬದುಕುವ ಡೆನೆ ಎಂಬ ಮೂಲನಿವಾಸಿಗಳ ಹಿಮದ ನಾಡಿನಲ್ಲಿ. ಕೆನಡಾ ಸುಮಾರು 60 ಲಕ್ಷ ಡಾಲರ್ ಕೇಳಿತು, ಸಿಕ್ಕಿದ್ದು 30 ಲಕ್ಷ.

ಮರುವರ್ಷ ಅಮೆರಿಕದ ಸ್ಕೈಲ್ಯಾಬ್ ಆಸ್ಟ್ರೇಲಿಯಾದ ಎಸ್ಪೆರೆನ್ಸ್ ಊರಿನ ಸುತ್ತ ಉದುರಿತು. ಊರಿನ ಆಡಳಿತ ಸುಮ್ಮನಿರಲಿಲ್ಲ. ಕಸ ಚೆಲ್ಲಿದ್ದಕ್ಕೆ 400 ಡಾಲರ್ ದಂಡ ಎಂದು ಚೀಟಿ ಹರಿಯಿತು! ನಾಸಾ ಕಟ್ಟಲಿಲ್ಲ. 2009ರಲ್ಲಿ ಅಮೆರಿಕದ ರೇಡಿಯೊ ನಿರೂಪಕನೊಬ್ಬ ಕೇಳುಗರಿಂದ ಹಣ ಎತ್ತಿ ಕಟ್ಟಿದ!

ಚೂರಿನ ಬದಲು ಮನುಷ್ಯರೇ ಇಳಿದರೆ? ಗಗನಯಾನಿಗಳ ಕೋಶವೊಂದು ದಾರಿ ತಪ್ಪಿ ಭೀಮಗಡದ ಕಾಡಿನೊಳಗೆ ಬಿದ್ದರೂ, ಅವರು ಯಾವ ದೇಶದವರೇ ಆಗಲಿ, ಕಾಪಾಡಿ ಕಳಿಸುವುದು ನಮ್ಮ ಹೊಣೆ. ವೀಸಾ ಕೇಳುವಂತಿಲ್ಲ! ಗಗನಯಾನಿಗಳು ಇಡೀ ಮನುಕುಲದ ರಾಯಭಾರಿಗಳು ಎಂದೇ 1967ರ ಒಪ್ಪಂದ ಹೇಳುತ್ತದೆ.

ಗಗನಯಾನಿಗಳ ಮಾತು ಬಂತಲ್ಲ, ಅಗೆಯದೆ, ಊರು ಬಿಡದೆ ಉತ್ಖನನ ಮಾಡಬಹುದೇ? ಮಾಡಿದ್ದಾರೆ! ಆಲಿಸ್ ಗೋರ್ಮನ್ ಮತ್ತು ಜಸ್ಟಿನ್ ವಾಲ್ಶ್ ಎಂಬ ಪುರಾತತ್ವಜ್ಞರು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವನ್ನೇ ಅಧ್ಯಯನಕ್ಕೆ ಆರಿಸಿಕೊಂಡರು. 2022ರಲ್ಲಿ ಅಲ್ಲಿನ ಗಗನಯಾನಿಗಳು ಗೋಡೆಯ ಮೇಲೆ ಟೇಪು ಅಂಟಿಸಿ ಒಂದೊಂದು ಮೀಟರಿನ ಚೌಕ ಮಾಡಿದರು, ದಿನಾ ಫೋಟೊ ತೆಗೆದು ಕಳಿಸಿದರು. ಕಂಡದ್ದೇನು ಗೊತ್ತೇ? ದುರಸ್ತಿ ಕೆಲಸಕ್ಕೆಂದು ಬಿಟ್ಟ ಜಾಗದಲ್ಲಿ ಬರೀ ಸಾಮಾನು! ಮನೆಯ ಹೊಲಿಗೆ ಮಷಿನ್ ಮೇಲೆ ಬಟ್ಟೆ ರಾಶಿ ಬೀಳುತ್ತದಲ್ಲ, ಹಾಗೆ. ಮನುಷ್ಯ ಎಲ್ಲಿ ಹೋದರೂ ಅವನೇ!

ಆ ನಿಲ್ದಾಣದಲ್ಲಿ ನಮ್ಮ ಸೀಮೆಯ ಕೈವಾಡವೂ ಇದೆ. ಪಕ್ಕದ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿ ಸೇರಿ ರೂಪಿಸಿದ ಪ್ರಯೋಗಕ್ಕಾಗಿ 2025ರಲ್ಲಿ ನಮ್ಮ ಗಗನಯಾನಿ ಶುಭಾಂಶು ಶುಕ್ಲಾ ಅಲ್ಲಿ ಹೆಸರುಕಾಳು, ಮೆಂತೆ ಮೊಳಕೆ ಬರಿಸಿದರು! ಉಸುಳಿ ಮಾಡಲಿಲ್ಲ ಮತ್ತೆ. ಮೊಳಕೆ ನೇರ ಫ್ರೀಜರ್‌ಗೆ!

ಇನ್ನು ಚಂದ್ರ. ಸವದತ್ತಿ ಎಲ್ಲಮ್ಮನ ಜಾತ್ರೆಗೆ ದಿನ ಗೊತ್ತು ಮಾಡುವುದೇ ಅವನು. 2024ರ ಜನವರಿಯಲ್ಲಿ, ನಮ್ಮಲ್ಲಿ ಬನದ ಹುಣ್ಣಿಮೆ ಹತ್ತಿರ ಬರುತ್ತಿದ್ದಾಗ, ಅತ್ತ ಅಮೆರಿಕದ ನವಾಹೊ ಬುಡಕಟ್ಟಿನವರೂ ಅದೇ ಚಂದ್ರನಿಗಾಗಿ ದನಿ ಎತ್ತಿದರು. ಖಾಸಗಿ ಕಂಪನಿಯೊಂದರ ಪೆರೆಗ್ರಿನ್ ನೌಕೆ ಸತ್ತವರ ಚಿತಾಭಸ್ಮ ಹೊತ್ತು ಚಂದ್ರನತ್ತ ಹೊರಟಿತ್ತು. ಚಂದ್ರ ನಮಗೆ ಪವಿತ್ರ, ಅಲ್ಲಿ ಬೂದಿ ಬೇಡ ಎಂದು ಅವರು ಬೇಡಿಕೊಂಡರು. ನೌಕೆ ಹಾರಿಯೇ ಬಿಟ್ಟಿತು. ಆದರೆ ಇಂಧನ ಸೋರಿ, ಚಂದ್ರನ ಮೇಲೆ ಇಳಿಯಲಾಗದೆ, ಜನವರಿ 18ರಂದು ಪೆಸಿಫಿಕ್ ಸಾಗರದ ಮೇಲೆ ಉರಿದುಹೋಯಿತು! ವಿಜ್ಞಾನಿಗಳು ವಾಲ್ವ್ ಕೆಟ್ಟಿತು ಅಂದರು. ಬೇರೆ ಕಾರಣ ಬೇಕಾದವರು ಹುಡುಕಿಕೊಳ್ಳಲಿ.

ಹಾಗಂತ ಚಂದ್ರನ ಮೇಲೆ ಬೂದಿಯೇ ಇಲ್ಲ ಎಂದಲ್ಲ. ಯೂಜೀನ್ ಶೂಮೇಕರ್ ಎಂಬ ವಿಜ್ಞಾನಿಯ ಚಿತಾಭಸ್ಮ 1999ರಲ್ಲೇ ಅಲ್ಲಿ ಸೇರಿದೆ. ಆಗಲೂ ನವಾಹೊ ಜನ ಬೇಸರಪಟ್ಟಿದ್ದರು.

ಕೊನೆಯದು, ಊಟ ಮಾಡುತ್ತ ಓದಬೇಡಿ! ಅಪೊಲೊ ಯಾನಿಗಳು ಚಂದ್ರನ ಮೇಲೆ ಬಿಟ್ಟುಬಂದ ಮಲಮೂತ್ರ, ವಾಂತಿಯ ಚೀಲಗಳು ಎಷ್ಟು ಗೊತ್ತೇ? 96! 1967ರ ಒಪ್ಪಂದದ ಪ್ರಕಾರ ಚಂದ್ರ ಯಾವ ದೇಶದ ಸ್ವತ್ತೂ ಅಲ್ಲ. ಆ ಚೀಲಗಳು ಮಾತ್ರ ಇಂದಿಗೂ ಅಮೆರಿಕದ ಸ್ವತ್ತು!