ಲಾರಿಯ ಗೇರ್‌ಬಾಕ್ಸು ಕೆಟ್ಟಾಗ : ದುರಸ್ತಿಯೋ, ಬದಲಾವಣೆಯೋ?

ಕಬ್ಬು, ಟೊಮೇಟೊ, ತೆಂಗಿನಕಾಯಿ ಮುಂತಾದ ಫಸಲನ್ನು ಸಾಗಿಸುವುದಕ್ಕಾಗಿ ಸ್ವಂತ ಲಾರಿಯನ್ನು ಇಟ್ಟುಕೊಂಡಿರುವ ಜಮೀನುದಾರರು ಈಗ ಅನೇಕ ಗ್ರಾಮಗಳಲ್ಲಿದ್ದಾರೆ. ಲಾರಿಯ ಭಾಗಗಳ ಪೈಕಿ ಗೇರ್‌ಬಾಕ್ಸು ಬಹುಕಾಲ ಬಾಳತಕ್ಕದ್ದು. ಆದಕಾರಣ ಅದರ ಕಡೆಗೆ ಗಮನ ಹೋಗುವುದು ಸಾಮಾನ್ಯವಾಗಿ ಅದು ಕೆಟ್ಟ ಮೇಲೆಯೇ. ಹೆಚ್ಚು ಭಾರವನ್ನು ಹೊರುವ ಸುಗ್ಗಿಯ ದಿನಗಳಲ್ಲಿಯೇ ಸವೆದ ಭಾಗಗಳು ಮುರಿದುಬೀಳುವ ಸಂಭವವೂ ಅಧಿಕ. ಕಡಿದ ಕಬ್ಬನ್ನು ತಡಮಾಡದೆ ಅರೆಯದಿದ್ದಲ್ಲಿ ತೂಕವೂ ಸಕ್ಕರೆಯ ಅಂಶವೂ ಇಳಿಯುತ್ತ ಹೋಗುವುದೆಂಬುದು ಮಂಡ್ಯದ ಸೀಮೆಯ ರೈತರಿಗೆ ಚೆನ್ನಾಗಿ ತಿಳಿದಿದೆ. ಅಂತಹ ವೇಳೆಯಲ್ಲಿ ಲಾರಿ ನಿಂತರೆ ಯಜಮಾನರು ಅವಸರಪಟ್ಟು, ಮೇಸ್ತ್ರಿಯ ಮೊದಲ ಮಾತಿನ ಮೇಲೆಯೇ ತೀರ್ಮಾನ ಮಾಡಿಬಿಡುವುದುಂಟು. ಒಂದು ಬೇರಿಂಗಿನಿಂದ ತೀರುವ ಕೆಲಸಕ್ಕೆ ಇಡೀ ಗೇರ್‌ಬಾಕ್ಸಿನ ಬೆಲೆ ತೆರುವುದೂ, ಇಡಿಯಾಗಿ ಬದಲಾಯಿಸಬೇಕಾದುದಕ್ಕೆ ಒಂದೆರಡು ಚಕ್ರಗಳನ್ನು ಹಾಕಿಸಿ ತಿಂಗಳೊಳಗೆ ಪುನಃ ಬಿಚ್ಚಿಸುವುದೂ ಇದರಿಂದಲೇ. ಪರೀಕ್ಷೆ ಮೊದಲು, ತೀರ್ಮಾನ ಆಮೇಲೆ ಎಂಬುದೇ ಇಲ್ಲಿ ಅನುಸರಿಸತಕ್ಕ ಕ್ರಮ.

ಗೇರ್‌ಬಾಕ್ಸಿನ ರಚನೆ

ಇಂಜಿನ್ನಿನ ತಿರುಗುವಿಕೆಯು ಕ್ಲಚ್ಚಿನ ಮೂಲಕ ಗೇರ್‌ಬಾಕ್ಸಿನ ಮುಂದಿನ ಶಾಫ್ಟಿಗೆ ಬರುತ್ತದೆ. ಅಲ್ಲಿಂದ ಕೆಳಗಿರುವ ಲೇ ಶಾಫ್ಟಿಗೂ, ಅದರ ಹಲ್ಲುಚಕ್ರಗಳ ಮೂಲಕ ಮೈನ್ ಶಾಫ್ಟಿಗೂ, ಕೊನೆಗೆ ಹಿಂದಿನ ಗಾಲಿಗಳಿಗೂ ಸಾಗುತ್ತದೆ. ಸಣ್ಣ ಗೇರುಗಳಲ್ಲಿ ಗಾಲಿಯ ವೇಗ ಕಡಿಮೆಯಾಗಿ ಎಳೆಯುವ ಬಲ ಹೆಚ್ಚುತ್ತದೆ. ನೇರ ಗೇರಿನಲ್ಲಿ ಮುಂದಿನ ಶಾಫ್ಟೂ ಮೈನ್ ಶಾಫ್ಟೂ ಒಂದಾಗಿ ತಿರುಗುವುದರಿಂದ ಲೇ ಶಾಫ್ಟಿನ ಮೇಲೆ ಭಾರ ಬೀಳುವುದಿಲ್ಲ. ಗೇರು ಬದಲಾಯಿಸುವಾಗ ಎರಡು ಭಾಗಗಳ ವೇಗವನ್ನು ಸಮಮಾಡುವ ಸಿಂಕ್ರೊ ರಿಂಗುಗಳ ಏರ್ಪಾಡು ೧೯೨೮ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರುಗಳಲ್ಲಿ ಬಂದು, ಕಾಲಕ್ರಮದಲ್ಲಿ ಲಾರಿಗಳಿಗೂ ಹರಡಿತು. ಇಷ್ಟನ್ನು ತಿಳಿದಿದ್ದರೆ ದೋಷದ ಸ್ಥಾನವನ್ನು ಬಹುಮಟ್ಟಿಗೆ ಊಹಿಸಬಹುದು.

ಬಿಚ್ಚುವುದಕ್ಕೆ ಮೊದಲಿನ ಪರೀಕ್ಷೆ

೧. ಇಂಜಿನ್ ಜೋರಾಗಿ ತಿರುಗಿಯೂ ಭಾರದ ಲಾರಿ ಮುಂದಕ್ಕೆ ಸಾಗದಿದ್ದರೆ ಕ್ಲಚ್ ಪ್ಲೇಟು ಸವೆದಿರುವ ಸಂಭವವೇ ಹೆಚ್ಚು. ಇಂಜಿನ್ ನಿಂತಿರುವಾಗ ಸುಲಭವಾಗಿ ಬೀಳುವ ಗೇರು, ಇಂಜಿನ್ ನಡೆಯುವಾಗ ಮಾತ್ರ ಬೀಳದೆ ಹೋದರೆ ಕ್ಲಚ್ಚು ಪೂರ್ತಿಯಾಗಿ ಬಿಡುತ್ತಿಲ್ಲವೆಂದು ಮೊದಲು ಸಂಶಯಿಸಬೇಕು. ಪೆಡಲನ್ನು ತುಳಿದಾಗ ಮಾತ್ರ ಶಬ್ದ ಬಂದರೆ ಕ್ಲಚ್ಚಿನ ಬೇರಿಂಗನ್ನು ನೋಡಬೇಕು. ಇವು ಗೇರ್‌ಬಾಕ್ಸಿನ ಒಳಗಿನ ದೋಷಗಳಲ್ಲ.

೨. ನ್ಯೂಟ್ರಲ್ಲಿನಲ್ಲಿ ಶಬ್ದವಿದ್ದು, ಪೆಡಲನ್ನು ತುಳಿದೊಡನೆ ಅದು ನಿಂತರೆ ಮುಂದಿನ ಶಾಫ್ಟಿನ ಅಥವಾ ಲೇ ಶಾಫ್ಟಿನ ಬೇರಿಂಗು ಸವೆದಿರಬಹುದು. ಎಲ್ಲ ಗೇರುಗಳಲ್ಲಿಯೂ ಇದ್ದ ಶಬ್ದ ನೇರ ಗೇರಿನಲ್ಲಿ ತಗ್ಗಿದರೆ ದೋಷವು ಲೇ ಶಾಫ್ಟಿನ ಕಡೆಯದು. ಒಂದೇ ಗೇರಿನಲ್ಲಿ ಶಬ್ದವಾದರೆ ಆ ಗೇರಿನ ಚಕ್ರಗಳನ್ನು ಶೋಧಿಸಬೇಕು.

೩. ಹಾಕಿದ ಗೇರು ತಾನಾಗಿ ಜಾರಿಬರುವುದು ಇಳಿಜಾರಿನಲ್ಲಿ ಬಲು ಅಪಾಯಕರ. ಲಿವರಿನ ಹಿಡಿತದ ಸ್ಪ್ರಿಂಗು ಸಡಿಲವಾಗಿದ್ದರೆ ಕೆಲಸ ಸಣ್ಣದು. ಫೋರ್ಕೂ ಕಚ್ಚುವ ಹಲ್ಲುಗಳೂ ಸವೆದಿದ್ದರೆ ಒಳಗನ್ನು ಬಿಚ್ಚಲೇಬೇಕು.

೪. ಎಣ್ಣೆಯನ್ನು ಶುಭ್ರವಾದ ಪಾತ್ರೆಗೆ ಇಳಿಸಿ ನೋಡಬೇಕು. ಕಾಂತದ ಬಿರಡೆಯ ಮೇಲೆ ಬೂದುಬಣ್ಣದ ನುಣುಪಾದ ಪದರವಿರುವುದು ಸಹಜ. ಹಿತ್ತಾಳೆಯ ಬಣ್ಣದ ಪುಡಿ ಕಂಡರೆ ಸಿಂಕ್ರೊ ರಿಂಗು ಸವೆದಿರಬಹುದು. ಉಕ್ಕಿನ ಚೂರುಗಳು ಕಂಡರೆ ಲಾರಿಯನ್ನು ಇನ್ನು ಒಂದು ಮೈಲಿಯೂ ಓಡಿಸಕೂಡದು. ಮುರಿದ ಒಂದು ಹಲ್ಲು ಉಳಿದ ಚಕ್ರಗಳ ನಡುವೆ ಸಿಕ್ಕಿ ಕವಚವನ್ನೇ ಒಡೆಯಬಹುದು. ಎಣ್ಣೆ ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ.

ಬಿಚ್ಚಿದ ಮೇಲೆ

ಕವಚದಲ್ಲಿ ಬಿರುಕಿಲ್ಲದೆ, ಬೇರಿಂಗು ಕೂರುವ ಗುಳಿಗಳು ಸಡಿಲವಾಗದೆ, ಶಾಫ್ಟುಗಳು ನೆಟ್ಟಗಿದ್ದು, ಒಂದೆರಡು ಭಾಗಗಳು ಮಾತ್ರ ಕೆಟ್ಟಿದ್ದಲ್ಲಿ ದುರಸ್ತಿಯೇ ಯುಕ್ತ. ಕವಚ ಒಡೆದಿದ್ದು ಅಥವಾ ಗುಳಿಗಳು ಸವೆದಿದ್ದು, ಶಾಫ್ಟೂ ಅನೇಕ ಚಕ್ರಗಳೂ ಕೆಟ್ಟಿದ್ದಲ್ಲಿ ಇಡಿಯಾಗಿ ಬದಲಾಯಿಸುವುದು ಮೇಲು. ಹೇಗೂ ಕೆಳಗಿಳಿಸಿದಾಗ ಕ್ಲಚ್ ಪ್ಲೇಟನ್ನೂ ಆಯಿಲ್ ಸೀಲುಗಳನ್ನೂ ಪರೀಕ್ಷಿಸಿಬಿಡತಕ್ಕದ್ದು. ಹೀಗೆ ಮಾಡಿದರೆ ಇಳಿಸುವ ಕೂಲಿ ಎರಡು ಬಾರಿ ಬೀಳುವುದಿಲ್ಲ.

ವೆಚ್ಚದ ಲೆಕ್ಕ

ಭಾಗಗಳ ಬೆಲೆಯೊಡನೆ, ಲಾರಿ ನಿಂತ ದಿವಸಗಳ ನಷ್ಟವನ್ನೂ ಕೂಡಿಸಬೇಕು. ಮುಂದಿನ ಅಂಕಿಗಳು ಲೆಕ್ಕದ ರೀತಿಯನ್ನು ತೋರಿಸುವುದಕ್ಕಾಗಿ ಕಲ್ಪಿಸಿದವೇ ಹೊರತು ಪೇಟೆಯ ಧಾರಣೆಯಲ್ಲ. ದಿನದ ನಷ್ಟ ರೂ. ೪,೦೦೦ ಎಂದು ಇಟ್ಟುಕೊಳ್ಳೋಣ. ದುರಸ್ತಿಗೆ ರೂ. ೩೫,೦೦೦ ಮತ್ತು ೫ ದಿವಸ, ಒಟ್ಟು ರೂ. ೫೫,೦೦೦. ಬಳಸಿದ ಗೇರ್‌ಬಾಕ್ಸಿಗೆ ರೂ. ೬೦,೦೦೦ ಮತ್ತು ೨ ದಿವಸ, ಒಟ್ಟು ರೂ. ೬೮,೦೦೦. ಹೊಸದಕ್ಕೆ ರೂ. ೧,೫೦,೦೦೦ ಮತ್ತು ೨ ದಿವಸ, ಒಟ್ಟು ರೂ. ೧,೫೮,೦೦೦. ಇಲ್ಲಿ ದುರಸ್ತಿಯೇ ಅಗ್ಗ. ಆದರೆ ಕವಚ ಸವೆದಿರುವುದನ್ನು ನೋಡದೆ ದುರಸ್ತಿ ಮಾಡಿಸಿ, ಅದೇ ಸುಗ್ಗಿಯಲ್ಲಿ ಬಳಸಿದ ಗೇರ್‌ಬಾಕ್ಸನ್ನು ಹಾಕಿಸಬೇಕಾಗಿ ಬಂದರೆ ಒಟ್ಟು ರೂ. ೧,೨೩,೦೦೦ ಆಗುವುದು. ಇಂಜಿನ್ನೂ ಹಿಂದಿನ ಆಕ್ಸಲೂ ಗಟ್ಟಿಯಾಗಿದ್ದು, ಲಾರಿಯನ್ನು ಇನ್ನೂ ಹಲವು ವರ್ಷ ಇಟ್ಟುಕೊಳ್ಳುವ ಉದ್ದೇಶವಿದ್ದರೆ ಮಾತ್ರ ಹೊಸದರ ಬೆಲೆ ಹುಟ್ಟೀತು.

ಬಳಸಿದ್ದನ್ನು ಕೊಳ್ಳುವಾಗ

ಬೆಂಗಳೂರಿನ ಜೆ. ಸಿ. ರಸ್ತೆಯಂತಹ ಬಿಡಿಭಾಗಗಳ ಪೇಟೆಗಾಗಲಿ, ಗುಜರಿ ಅಂಗಡಿಗಾಗಲಿ ಹೋಗುವವರು ತಮ್ಮ ಗೇರ್‌ಬಾಕ್ಸಿನ ಮಾದರಿ ಸಂಖ್ಯೆಯನ್ನು ಬರೆದುಕೊಂಡು ಹೋಗತಕ್ಕದ್ದು. ಹೊರಗಿನ ಆಕಾರ ಒಂದೇ ಆಗಿದ್ದರೂ ಒಳಚಕ್ರಗಳ ಹಲ್ಲುಗಳ ಪ್ರಮಾಣ ಬೇರೆಯಾಗಿರಬಹುದು. ಹಾಗಾದರೆ ಲಾರಿಯ ಎಳೆತವೂ ವೇಗವೂ ವ್ಯತ್ಯಾಸವಾಗುವುವು. ಮೇಲಿನ ಮುಚ್ಚಳವನ್ನು ತೆಗೆಸಿ, ಎಲ್ಲ ಗೇರುಗಳಲ್ಲಿಯೂ ಕೈಯಿಂದ ತಿರುಗಿಸಿ, ಹಲ್ಲುಗಳನ್ನು ಬೆಳಕಿನಲ್ಲಿ ನೋಡಬೇಕು. ಕೆಟ್ಟರೆ ಹಿಂದಕ್ಕೆ ತೆಗೆದುಕೊಳ್ಳುವ ವಾಯಿದೆಯನ್ನು ರಸೀತಿಯಲ್ಲಿಯೇ ಬರೆಯಿಸಿಕೊಳ್ಳುವುದು ಕ್ಷೇಮ.

ಎಣ್ಣೆಯನ್ನು ತಯಾರಕರ ಕೈಪಿಡಿಯಲ್ಲಿ ಹೇಳಿದ ದರ್ಜೆಯದನ್ನೇ ಹಾಕಬೇಕು. ಕೆಲವು ಎಣ್ಣೆಗಳಲ್ಲಿರುವ ಗಂಧಕದ ಮಿಶ್ರಣಗಳು ಹಿತ್ತಾಳೆಯ ರಿಂಗುಗಳನ್ನು ತಿನ್ನುವುವು. ಚಾಲಕರು ಓಡಿಸುವಾಗ ಲಿವರಿನ ಮೇಲೆ ಕೈಯಿಟ್ಟಿರುವುದನ್ನೂ, ಅರ್ಧ ಕ್ಲಚ್ಚಿನಲ್ಲಿ ಗೇರು ತಳ್ಳುವುದನ್ನೂ ಬಿಡಿಸಬೇಕು. ಕಟಾವಿಗೆ ಒಂದು ತಿಂಗಳು ಮುಂಚಿತವಾಗಿ ಎಣ್ಣೆಯನ್ನು ಇಳಿಸಿ ನೋಡುವ ಪದ್ಧತಿಯನ್ನು ಗ್ರಾಮದ ಮುಖಂಡರು ತಾವೂ ಆಚರಿಸಿ ಇತರರಿಗೂ ತಿಳಿಸಿದಲ್ಲಿ, ಫಸಲು ಗದ್ದೆಯ ಬದುವಿನ ಮೇಲೆ ಒಣಗುವ ನಷ್ಟವು ಬಹಳಮಟ್ಟಿಗೆ ತಪ್ಪುವುದು.